ಎಡೆಯ ಮುಂದೆ 'ತಿಥಿ'

ಮಹಾಲಯ ಅಮಾವಾಸ್ಯೆಯ ಸಂಜೆ ಹುಳಿಮಾವಿನ ಹಳೆಯ ಬೀದಿಗಳಲ್ಲಿ ನಡೆದರೆ ಧೂಪದ ಹೊಗೆಯೊಡನೆ ಬಾಡಿನ ಸಾರಿನ ವಾಸನೆಯೂ ಬರುತ್ತದೆ. ಹಿರಿಯರ ಪಟದ ಮುಂದೆ ಬಾಳೆಯೆಲೆ, ಎಲೆಯ ಮೇಲೆ ಮುದ್ದೆ, ಬಾಡು, ವಡೆ. ಪಕ್ಕದಲ್ಲಿ ಹೊಸ ಪಂಚೆ, ಸೀರೆ. ತಾತನಿಗೆ ಬೀಡಿಯ ಚಟವಿದ್ದಿದ್ದರೆ ಒಂದು ಕಟ್ಟು ಬೀಡಿ. ಎಡೆಯಿಟ್ಟು, ಕದ ಮುಂದಕ್ಕೆಳೆದು, ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ದೂರದ ಬಾಲಿ ದ್ವೀಪದಲ್ಲಿಯೂ 210 ದಿನಗಳಿಗೊಮ್ಮೆ ಬರುವ ಗಲುಂಗನ್ ಹಬ್ಬಕ್ಕೆ ಹಿರಿಯರು ಮನೆಗೆ ಬಂದು, ಹತ್ತು ದಿನಗಳ ಮೇಲೆ ಹಿಂದಿರುಗುತ್ತಾರೆಂದು ನಂಬಿಕೆ. ಸತ್ತವನು ಎಲ್ಲಿಯೂ ಬರಿಯ ದೇವರಾಗಿಲ್ಲ. ತನ್ನ ರುಚಿಗಳನ್ನು ಬಿಡದ ನೆಂಟನಾಗಿದ್ದಾನೆ.

ಇದನ್ನು ಬಲ್ಲವರಿಗೆ ರಾಮ್ ರೆಡ್ಡಿಯವರ 'ತಿಥಿ' (2015) ಬರಿಯ ನಗೆಯ ಚಿತ್ರವಾಗಿ ಕಾಣಲಾರದು. ಲೊಕಾರ್ನೊ ಉತ್ಸವದಲ್ಲಿ ಬಹುಮಾನ ಪಡೆದ ಮೇಲೆ ಹಳ್ಳಿಯ ಹಾಸ್ಯವೆಂದೇ ಅದನ್ನು ಹೊಗಳಿದವರು ಹೆಚ್ಚು. ನಗು ಉಂಟು, ಇಲ್ಲವೆನ್ನಲಾಗದು. ಆದರೆ ಕಥೆಯ ಹುರುಳು ಬೇರೆ. 101 ವರ್ಷದ ಸೆಂಚುರಿ ಗೌಡ ಸತ್ತಿದ್ದಾನೆ. ಹನ್ನೊಂದನೆಯ ದಿನ ಊರಿಗೆಲ್ಲ ಬಾಡೂಟ ಹಾಕಬೇಕು. ಮೊಮ್ಮಗ ತಮ್ಮಣ್ಣ ಅದಕ್ಕಾಗಿ ಓಡಾಡುತ್ತಲೇ, ತಾತನ ಜಮೀನು ಮಾರುವ ಆತುರದಲ್ಲಿ, ಬದುಕಿರುವ ತಂದೆ ಗಡ್ಡಪ್ಪನಿಗೆ ಸುಳ್ಳು ಮರಣಪತ್ರ ಮಾಡಿಸುತ್ತಾನೆ. ಸತ್ತವನಿಗೆ ಮರ್ಯಾದೆ, ಬದುಕಿದವನಿಗೆ ಸಾವು! ಗಡ್ಡಪ್ಪನಾದರೋ ಯಾವುದಕ್ಕೂ ಸಿಕ್ಕದೆ ಬ್ರಾಂದಿ ಕುಡಿಯುತ್ತ ನಡೆದುಬಿಡುತ್ತಾನೆ. ಕುರಿಗಾಹಿಗಳ ಬೆಂಕಿಯ ಮುಂದೆ ಅವನು ತನ್ನ ಹಳೆಯ ಕಥೆಯನ್ನು ಬಿಚ್ಚಿದಾಗ ತಂದೆಯ ತಿಥಿಗೆ ಅವನೇಕೆ ಬೆನ್ನು ತಿರುಗಿಸಿದನೆಂಬುದು ತಿಳಿಯುತ್ತದೆ.

ಪೂಜ್ಯನಲ್ಲದ ಹಿರಿಯನಿಗೂ ಎಡೆಯಿಡಬೇಕೆ? ಭೈರಪ್ಪನವರ 'ವಂಶವೃಕ್ಷ' (1965) ಇದೇ ಗಾಯವನ್ನು ಮುಟ್ಟಿತ್ತು. ಅಲ್ಲಿ ಶ್ರೀನಿವಾಸ ಶ್ರೋತ್ರಿಗಳು ತಮ್ಮ ಹುಟ್ಟಿನ ಗುಟ್ಟು ತಿಳಿದು ತತ್ತರಿಸುತ್ತಾರೆ, ತರ್ಕಿಸುತ್ತಾರೆ. ಗಡ್ಡಪ್ಪ ತರ್ಕಿಸುವುದಿಲ್ಲ. ಈ ಮೌನವೇ ನನಗೆ ಹೆಚ್ಚು ನಿಜವೆನಿಸಿತು. ನಟರಲ್ಲದ ಮಂಡ್ಯದ ಹಳ್ಳಿಗರನ್ನೇ ಆರಿಸಿದ್ದರ ಫಲ ಇಲ್ಲಿದೆ. ಚೆನ್ನೇಗೌಡರ ನಡಿಗೆಯನ್ನು ಯಾವ ನಾಟಕಶಾಲೆಯೂ ಕಲಿಸಲಾರದು. ಮರಿಮಗ ಅಭಿಯ ಪ್ರಣಯಪ್ರಸಂಗ ಮಾತ್ರ ಬೇಕಾದುದಕ್ಕಿಂತ ಹೆಚ್ಚು ಬೆಳೆದಿದೆ.

ಹುಳಿಮಾವಿನವರಿಗೆ ತಮ್ಮಣ್ಣ ಪರಕೀಯನಲ್ಲ. ಹೊಲಗಳು ನಿವೇಶನಗಳಾದ ಊರಿದು. ಜಮೀನು ಬಿಟ್ಟುಹೋದವನ ಪಟವನ್ನು, ಅದನ್ನು ಮಾರಿದ ಹಣದಿಂದ ಕಟ್ಟಿದ ಮನೆಯಲ್ಲಿಯೇ ಗೋಡೆಗೆ ತೂಗುಹಾಕಿ, ವರ್ಷಕ್ಕೊಮ್ಮೆ ಎಡೆಯಿಡುವವರು ಇಲ್ಲಿದ್ದಾರೆ. ಅವರು ಈ ಚಿತ್ರವನ್ನು ನೋಡುವಾಗ ನಗುವುದು ಎಲ್ಲಿ, ಸುಮ್ಮನಾಗುವುದು ಎಲ್ಲಿ ಎಂಬುದನ್ನು ನೋಡಬೇಕು.