ಶಾಸನ ನುಡಿದುದೆಷ್ಟು, ನುಡಿಸಿದುದೆಷ್ಟು?

ಮೌರ್ಯ ಚಂದ್ರಗುಪ್ತನು ರಾಜ್ಯವನ್ನು ತ್ಯಜಿಸಿ, ಶ್ರುತಕೇವಲಿ ಭದ್ರಬಾಹುಗಳೊಡನೆ ಶ್ರವಣಬೆಳಗೊಳಕ್ಕೆ ಬಂದು, ಚಿಕ್ಕಬೆಟ್ಟದಲ್ಲಿ ಸಲ್ಲೇಖನದಿಂದ ದೇಹವಿಟ್ಟನೆಂಬುದು ಕನ್ನಡನಾಡಿನ ಜೈನರ ಮನದಲ್ಲಿ ಬೇರೂರಿದ ಪರಂಪರೆ. ಇದನ್ನು ಹೇಳುವಾಗ ‘ಶಾಸನವೇ ಸಾಕ್ಷಿ’ ಎಂಬ ಮಾತು ಸೇರುವುದುಂಟು. ಆ ಸಾಕ್ಷಿ ನುಡಿಯುವುದೇನೆಂಬುದು ವಿಚಾರಾರ್ಹ.

ಬೆಟ್ಟದ ಅತಿ ಪ್ರಾಚೀನ ಶಾಸನದ ಕಾಲ ಕ್ರಿ.ಶ. ಸುಮಾರು 600. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮುನ್ನುಡಿದುದು, ಸಂಘವು ದಕ್ಷಿಣಾಪಥಕ್ಕೆ ಬಂದುದು, ಕಟವಪ್ರದಲ್ಲಿ ಪ್ರಭಾಚಂದ್ರರೆಂಬ ಆಚಾರ್ಯರು ಸಮಾಧಿ ಹೊಂದಿದುದು ಅದರಲ್ಲಿದೆ. ಚಂದ್ರಗುಪ್ತನ ಹೆಸರಿಲ್ಲ. ಸುಮಾರು 650ರ ಇನ್ನೊಂದು ಶಾಸನವು ಭದ್ರಬಾಹು-ಚಂದ್ರಗುಪ್ತ ಮುನಿಗಳ ಜೋಡಿಯನ್ನು ಸ್ಮರಿಸುತ್ತದೆ, ಮೌರ್ಯನೆಂದು ಹೇಳುವುದಿಲ್ಲ. 931ರ ಹರಿಷೇಣನ ‘ಬೃಹತ್ಕಥಾಕೋಶ’ದಲ್ಲಿ ದೀಕ್ಷೆ ಪಡೆದ ಚಂದ್ರಗುಪ್ತನು ಉಜ್ಜಯಿನಿಯ ಅರಸು, ಅಲ್ಲಿ ಭದ್ರಬಾಹುಗಳು ಬೆಳಗೊಳಕ್ಕೆ ಬರುವುದೇ ಇಲ್ಲ. ಇಂದು ಪ್ರಚಲಿತವಾಗಿರುವ ಕಥೆಗೆ ಹತ್ತಿರವಾದ ದೇವಚಂದ್ರನ ‘ರಾಜಾವಳಿ ಕಥೆ’ ಹತ್ತೊಂಬತ್ತನೆಯ ಶತಮಾನದ್ದು.

ಮೌರ್ಯನ ಕಾಲಕ್ಕೂ ಮೊದಲ ಶಾಸನಕ್ಕೂ ಸುಮಾರು 900 ವರ್ಷಗಳ ಅಂತರ. ಒಬ್ಬರನ್ನು ನೋಡಿ ಮತ್ತೊಬ್ಬರು ಬರೆದರೆ ಗ್ರಂಥಗಳು ಹೆಚ್ಚುತ್ತವೆ, ಸಾಕ್ಷಿಗಳು ಹೆಚ್ಚುವುದಿಲ್ಲ. ಕ್ಷೇತ್ರದ ಮಹಿಮೆಯನ್ನು ಬಯಸುವ ಲೇಖಕನ ಒಲವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆದರೆ ಅಳತೆಗೋಲು ಎರಡೂ ಕಡೆಗೆ ಒಂದೇ ಆಗಿರಬೇಕು. ಹೇಮಚಂದ್ರಾಚಾರ್ಯರ ‘ಪರಿಶಿಷ್ಟಪರ್ವ’ ದಕ್ಷಿಣಯಾತ್ರೆಯನ್ನು ಹೇಳುವುದಿಲ್ಲ. ಹನ್ನೆರಡನೆಯ ಶತಮಾನದ ಶ್ವೇತಾಂಬರ ಕೃತಿಯ ಆ ಮೌನವೇ ನಿರಾಕರಣೆಯಾಗದು. 1889ರಲ್ಲಿ ಬೆಳಗೊಳದ ಶಾಸನಗಳನ್ನು ಪ್ರಕಟಿಸಿದ ಲೂಯಿಸ್ ರೈಸ್ ಪರಂಪರೆಯನ್ನು ಒಪ್ಪಿದರು, ಫ್ಲೀಟ್ ಅಲ್ಲಗಳೆದರು. ಇಬ್ಬರೂ ಜೈನರಲ್ಲ, ಇಬ್ಬರ ಮುಂದಿದ್ದುದೂ ಅದೇ ಶಿಲೆ. ಆದುದರಿಂದ ಹೇಳಿದವರ ಮತವನ್ನು ನೋಡಿದರಷ್ಟೇ ಸಾಲದು, ಕೊಟ್ಟ ಕಾರಣವನ್ನೂ ತೂಗಬೇಕು. ಪ್ರಭಾಚಂದ್ರ ಎಂಬುದು ಚಂದ್ರಗುಪ್ತನ ದೀಕ್ಷಾನಾಮವೆಂಬ ವಾದಕ್ಕೂ ಇದೇ ನ್ಯಾಯ: ಅದು ಊಹೆ, ಶಾಸನವಾಕ್ಯವಲ್ಲ.

‘ತತ್ತ್ವಾರ್ಥಸೂತ್ರ’ವು ಕೂಟಲೇಖಕ್ರಿಯೆಯನ್ನು, ಎಂದರೆ ಸುಳ್ಳು ಬರಹವನ್ನು, ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಕಲ್ಲಿನಲ್ಲಿಲ್ಲದುದನ್ನು ಕಲ್ಲಿನ ಹೆಸರಿನಲ್ಲಿ ಅಚ್ಚು ಹಾಕಿಸುವುದು ಭಕ್ತಿಯಿಂದಲೇ ಆದರೂ ಆ ದೋಷದ ಹತ್ತಿರಕ್ಕೇ ಬರುತ್ತದೆ. ‘ಶಾಸನ ಇಷ್ಟು ಹೇಳುತ್ತದೆ, ಕಾವ್ಯ ಇಷ್ಟು, ಪರಂಪರೆ ಇಷ್ಟು’ ಎಂದು ಬೇರೆಬೇರೆಯಾಗಿ ಬರೆಯಿಸಿದ ದೇವಾಲಯದ ಫಲಕದಿಂದ ಯಾತ್ರಿಕನ ಶ್ರದ್ಧೆ ಕುಂದದು. ಅರಸನೊಬ್ಬನು ಎಲ್ಲವನ್ನೂ ಬಿಟ್ಟನೆಂದು ನಂಬುವ ಸಮಾಜಕ್ಕೆ, ಸಾಕ್ಷಿಯಿಲ್ಲದ ಒಂದು ವಾಕ್ಯವನ್ನು ಬಿಡುವುದು ದೊಡ್ಡ ತ್ಯಾಗವೇನಲ್ಲ.