‘ದಮ್ಮು’ ಎಂಬ ಉತ್ತರ ಮತ್ತು ಕೇಳದೆ ಉಳಿದ ಪ್ರಶ್ನೆ: ಧ್ವನಿತಂತುಗಳ ಅಪಚಲನೆಯ ವೃತ್ತಿಶಿಕ್ಷಣವನ್ನು ಕುರಿತ ಭಾಷಾವೈಜ್ಞಾನಿಕ ವಿಮರ್ಶೆ

ಸಾರಾಂಶ: ಉಸಿರೆಳೆದುಕೊಳ್ಳುವಾಗ ತೆರೆಯಬೇಕಾದ ಧ್ವನಿತಂತುಗಳು ಮುಚ್ಚಿಕೊಳ್ಳುವ ತೊಂದರೆಯನ್ನು ಅಸ್ತಮಾದಿಂದ ಬೇರ್ಪಡಿಸುವ ಮೊದಲ ಹೆಜ್ಜೆ ರೋಗಿಯ ಮಾತು. ವೈದ್ಯರಿಗೂ ವಾಕ್‌ಚಿಕಿತ್ಸಕರಿಗೂ ಈ ವಿಷಯವನ್ನು ಕಲಿಸುವ ಕ್ರಮ ಇಂಗ್ಲಿಷಿನ ಲಕ್ಷಣಪದಗಳ ಮೇಲೆ ನಿಂತಿದೆ. ದಿಗ್ಗೇವಾಡಿಯನ್ನು ಒಳಗೊಂಡ ರಾಯಬಾಗ–ಚಿಕ್ಕೋಡಿ ಗಡಿಸೀಮೆಯ ಕನ್ನಡದ ಪ್ರಯೋಗಗಳನ್ನು ಎದುರಿಟ್ಟು ನೋಡಿದಾಗ, ಆ ಪದಗಳ ನೇರ ಅನುವಾದವು ರೋಗನಿರ್ಣಯಕ್ಕೆ ಬೇಕಾದ ಭೇದಗಳನ್ನೇ ಅಳಿಸುತ್ತದೆ ಎಂದು ಈ ಲೇಖನ ವಾದಿಸುತ್ತದೆ.

ಕೀಲಿಪದಗಳು: ಧ್ವನಿತಂತು, ಲಕ್ಷಣಪದಕೋಶ, ಗಡಿಸೀಮೆಯ ಕನ್ನಡ, ನಿಷೇಧರೂಪ, ವೃತ್ತಿಶಿಕ್ಷಣ

1. ಪೀಠಿಕೆ

ಇಂಗ್ಲಿಷಿನಲ್ಲಿ ‘ವೋಕಲ್ ಕಾರ್ಡ್ ಡಿಸ್‌ಫಂಕ್ಷನ್’ ಎಂದು ಕರೆಯಲಾಗುವ ತೊಂದರೆಗೆ ನಾವು ಇಲ್ಲಿ ‘ಧ್ವನಿತಂತುಗಳ ಅಪಚಲನೆ’ ಎಂಬ ಪದವನ್ನು ಬಳಸುತ್ತೇವೆ. ಯಂತ್ರಾನುವಾದದಲ್ಲಿ ಕಾಣುವ ‘ಗಾಯನ ಹಗ್ಗ’, ‘ಅಪಸಾಮಾನ್ಯ ಕ್ರಿಯೆ’ ಮೊದಲಾದ ರೂಪಗಳು ಚರ್ಚೆಗೆ ಅರ್ಹವಲ್ಲ. ಆದರೆ ನಮ್ಮ ಶಾಸ್ತ್ರದಲ್ಲಿ ನೆಲೆಗೊಂಡಿರುವ ‘ಧ್ವನಿತಂತು’ ಎಂಬ ಪದವೂ ನಿರ್ದೋಷವಾದುದಲ್ಲ. ಈ ಮಾತಿಗೆ ಕೊನೆಯಲ್ಲಿ ಮರಳುತ್ತೇವೆ.

ತೊಂದರೆಯ ಸ್ವರೂಪ ಸರಳವಾದುದು. ಉಸಿರು ಒಳಗೆ ಹೋಗುವಾಗ ಧ್ವನಿತಂತುಗಳು ಪರಸ್ಪರ ದೂರ ಸರಿಯಬೇಕು. ಈ ರೋಗಿಗಳಲ್ಲಿ ಅವು ಹತ್ತಿರ ಬರುತ್ತವೆ. ಹಿಂಭಾಗದಲ್ಲಿ ಸಣ್ಣದೊಂದು ಸಂದು ಮಾತ್ರ ಉಳಿಯುತ್ತದೆ. ಅಸ್ತಮಾದಲ್ಲಿ ಅಡಚಣೆ ಶ್ವಾಸಕೋಶದ ಕಿರುನಾಳಗಳಲ್ಲಿದ್ದರೆ ಇಲ್ಲಿ ಅದು ಗಂಟಲಲ್ಲಿದೆ. ಅಲ್ಲಿ ಉಸಿರು ಬಿಡುವುದು ಹೆಚ್ಚು ಕಷ್ಟ, ಇಲ್ಲಿ ಸಾಮಾನ್ಯವಾಗಿ ತೆಗೆದುಕೊಳ್ಳುವುದು ಕಷ್ಟ. ತೊಂದರೆ ಕಾಣಿಸಿಕೊಂಡಿರುವಾಗಲೇ ಧ್ವನಿಪೆಟ್ಟಿಗೆಯನ್ನು ದರ್ಶಕದಿಂದ ನೋಡುವುದು ನಿರ್ಣಾಯಕ ಪರೀಕ್ಷೆ. ಎರಡು ದಾಳಿಗಳ ನಡುವಿನ ಅವಧಿಯಲ್ಲಿ ಆ ಪರೀಕ್ಷೆಯೂ ಉಸಿರಿನ ಹರಿವನ್ನು ಅಳೆಯುವ ಪರೀಕ್ಷೆಯೂ ಸಹಜವಾಗಿಯೇ ಕಾಣಬಹುದು. ಆದುದರಿಂದ ಹಲವು ಸಂದರ್ಭಗಳಲ್ಲಿ ವೈದ್ಯರ ಮುಂದೆ ಮೊದಲಿಗೆ ಉಳಿಯುವುದು ರೋಗಿಯ ವರ್ಣನೆಯೊಂದೇ.

ಈ ಲೇಖನದಲ್ಲಿ ನಾವು ಸಮೀಕ್ಷೆಯ ಅಂಕಿಅಂಶಗಳನ್ನು ಮಂಡಿಸುತ್ತಿಲ್ಲ. ಗಡಿಸೀಮೆಯ ಆಡುಮಾತಿನಲ್ಲಿ ರೂಢಿಯಲ್ಲಿರುವ ಪ್ರಯೋಗಗಳನ್ನು ಶಿಕ್ಷಣದಲ್ಲಿ ಬಳಕೆಯಾಗುವ ಲಕ್ಷಣಪಟ್ಟಿಗೆ ಎದುರಿಟ್ಟು ಪರಿಶೀಲಿಸುತ್ತೇವೆ.

2. ಹೆಸರುಗಳು ಹೊತ್ತುತಂದ ತೀರ್ಪು

ಈ ತೊಂದರೆಯ ಚರಿತ್ರೆಯು ಹೆಸರುಗಳ ಚರಿತ್ರೆಯೂ ಹೌದು. 1842ರಲ್ಲಿ ಡಂಗ್ಲಿಸನ್ ಇದನ್ನು ‘ಹಿಸ್ಟೀರಿಯಾ’ದೊಡನೆ ಜೋಡಿಸಿ ವರ್ಣಿಸಿದರು. 1869ರಲ್ಲಿ ಮೊರೆಲ್ ಮೆಕೆಂಜಿ ಧ್ವನಿತಂತುಗಳ ಈ ವಿಪರೀತ ಚಲನೆಯನ್ನು ದರ್ಶಕದ ಮೂಲಕ ಕಂಡರೂ ಹಿಸ್ಟೀರಿಯಾ ಎಂಬ ಚೌಕಟ್ಟು ಕಳಚಲಿಲ್ಲ. 1974ರಲ್ಲಿ ಬಳಕೆಗೆ ಬಂದ ‘ಮಂಚೌಸೆನ್ ಸ್ಟ್ರೈಡರ್’ ಎಂಬ ಹೆಸರು ರೋಗಿಯನ್ನು ನಟನೆಯ ಆರೋಪಕ್ಕೆ ಗುರಿಮಾಡಿತು. 1983ರಲ್ಲಿ ಕ್ರಿಸ್ಟೋಫರ್ ಮತ್ತು ಸಂಗಡಿಗರು ಅಸ್ತಮಾದಂತೆ ತೋರುತ್ತಿದ್ದ ಐವರು ರೋಗಿಗಳನ್ನು ವರ್ಣಿಸಿದ ಬಳಿಕ ‘ವೋಕಲ್ ಕಾರ್ಡ್ ಡಿಸ್‌ಫಂಕ್ಷನ್’ ನೆಲೆಯೂರಿತು. 2013ರಲ್ಲಿ ಯುರೋಪಿನ ಮತ್ತು ಅಮೆರಿಕದ ತಜ್ಞಸಂಘಗಳು ಸೇರಿ, ಧ್ವನಿಪೆಟ್ಟಿಗೆಯಲ್ಲಿ ಪ್ರಚೋದನೆಯಿಂದ ಉಂಟಾಗುವ ಅಡಚಣೆ ಎಂಬ ಅರ್ಥದ ಹೊಸ ಹೆಸರನ್ನು ಒಪ್ಪಿದವು. ಸುಮಾರು ನೂರೆಪ್ಪತ್ತು ವರ್ಷಗಳಲ್ಲಿ ಹೆಸರು ‘ಯಾವ ಬಗೆಯ ವ್ಯಕ್ತಿ’ ಎಂಬಲ್ಲಿಂದ ‘ಯಾವ ಸ್ಥಾನ, ಯಾವ ಕ್ರಿಯೆ’ ಎಂಬಲ್ಲಿಗೆ ಸರಿದಿದೆ.

ತಪ್ಪು ಹೆಸರಿಗೆ ತೆರಬೇಕಾದ ಬೆಲೆ ಸಣ್ಣದಲ್ಲ. 1995ರಲ್ಲಿ ಪ್ರಕಟವಾದ ನ್ಯೂಮನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ಅಪಚಲನೆ ಖಚಿತಪಟ್ಟ 95 ರೋಗಿಗಳಿದ್ದರು. ಅವರಲ್ಲಿ 53 ಮಂದಿಗೆ ಅಸ್ತಮಾವೂ ಜೊತೆಗಿತ್ತು. ಅಸ್ತಮಾ ಇಲ್ಲದ 42 ಮಂದಿಯನ್ನು ಸರಾಸರಿ 4.8 ವರ್ಷಗಳ ಕಾಲ ಅಸ್ತಮಾ ರೋಗಿಗಳೆಂದೇ ಎಣಿಸಲಾಗಿತ್ತು. ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಓದಬೇಕು. ಒಂದು ರೋಗವಿದ್ದರೆ ಇನ್ನೊಂದು ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಪರೀಕ್ಷೆಯಿಲ್ಲದೆ ಅಸ್ತಮಾದ ಔಷಧಿಯನ್ನು ನಿಲ್ಲಿಸುವಂತೆಯೂ ಇಲ್ಲ.

3. ‘ದಮ್ಮ ಹತ್ತೈತಿ’, ‘ದಮ್ಮ ಐತಿ’

ದಿಗ್ಗೇವಾಡಿ ಸೀಮೆಯ ರೋಗಿಯು ದೊಡ್ಡ ಆಸ್ಪತ್ರೆಗೆಂದು ಬೆಳಗಾವಿಗೆ ಹೋಗುವಂತೆ ಮಿರಜಕ್ಕೂ ಹೋಗುವುದು ಹಳೆಯ ರೂಢಿ. ಆದುದರಿಂದ ಆತನ ಮಾತು ಗಡಿಸೀಮೆಯ ಕನ್ನಡದಿಂದ ಪ್ರಮಾಣ ಕನ್ನಡಕ್ಕೋ ಮರಾಠಿಗೋ ದಾಟಿ, ಕೊನೆಗೆ ಇಂಗ್ಲಿಷಿನ ರೋಗವಿವರ ಪತ್ರದಲ್ಲಿ ನಿಲ್ಲುತ್ತದೆ. ಪ್ರತಿ ದಾಟಿನಲ್ಲಿಯೂ ಏನೋ ಉದುರುತ್ತದೆ.

ಮರಾಠಿಯಲ್ಲಿ ‘ದಮ್’ ಎಂದರೆ ಉಸಿರು. ‘ದಮಾ’ ಎಂದರೆ ಅಸ್ತಮಾ. ‘ದಮ್ ಲಾಗಣೆ’ ಎಂಬುದು ಏದುಸಿರು ಬರುವುದನ್ನಷ್ಟೇ ಹೇಳುತ್ತದೆ. ಗಡಿಸೀಮೆಯ ಕನ್ನಡದಲ್ಲಿ ‘ದಮ್ಮು’ ಎಂಬ ಒಂದೇ ನಾಮಪದ ಎರಡೂ ಅರ್ಥಗಳನ್ನು ಹೊರುತ್ತದೆ. ಆದರೆ ಭೇದ ಅಳಿದುಹೋಗಿಲ್ಲ. ಅದು ನಾಮಪದದಿಂದ ಕ್ರಿಯಾಪದಕ್ಕೆ ಸರಿದಿದೆ. ‘ದಮ್ಮ ಹತ್ತೈತಿ’ ಎನ್ನುವಾಗ ಒಂದು ಘಟನೆ, ‘ದಮ್ಮ ಐತಿ’ ಎನ್ನುವಾಗ ಒಂದು ಕಾಯಿಲೆಯ ಇರುವಿಕೆ. ‘ಲಾಗಣೆ’ಗೆ ಸಂವಾದಿಯಾಗಿ ನಿಂತ ‘ಹತ್ತು’ ಧಾತುವೇ ಇಲ್ಲಿ ಅರ್ಥನಿರ್ಣಾಯಕ. ‘ದಮ್ಮು ಎಂದರೆ ಅಸ್ತಮಾ’ ಎಂದು ಪದಪಟ್ಟಿಯಲ್ಲಿ ಬಾಯಿಪಾಠ ಮಾಡಿಕೊಂಡ ಕಿರಿಯ ವೈದ್ಯರು ನಾಮಪದವನ್ನು ಕೇಳಿದೊಡನೆ ಬರವಣಿಗೆಗೆ ತೊಡಗುತ್ತಾರೆ. ಕ್ರಿಯಾಪದ ಕಿವಿಗೆ ಬೀಳುವಷ್ಟರಲ್ಲಿ ‘ಅಸ್ತಮಾ’ ದಾಖಲಾಗಿರುತ್ತದೆ. ರೋಗಿಯು ಹೇಳಿದ್ದು ಲಕ್ಷಣ, ಕಾಗದ ಹೇಳಿದ್ದು ರೋಗ.

ನಿಷೇಧರೂಪಗಳದ್ದೂ ಇದೇ ಕತೆ. ‘ಉಸರ ಒಳಗ ಹೋಗವಲ್ದು’ ಎಂಬುದಕ್ಕೂ ‘ಉಸರ ಒಳಗ ಹೋಗಂಗಿಲ್ಲ’ ಎಂಬುದಕ್ಕೂ ಪ್ರಮಾಣ ಕನ್ನಡದಲ್ಲಿ ‘ಉಸಿರು ಒಳಗೆ ಹೋಗುವುದಿಲ್ಲ’ ಎಂಬ ಒಂದೇ ರೂಪವನ್ನು ಕೊಟ್ಟುಬಿಡುವುದುಂಟು. ‘ಒಲ್’ ಧಾತುವಿನಿಂದ ಬಂದ ಮೊದಲ ರೂಪವು ಸದ್ಯದ, ಈ ಗಳಿಗೆಯ ಅಡ್ಡಿಯನ್ನು ಸೂಚಿಸುತ್ತದೆ. ಎರಡನೆಯದು ವಾಡಿಕೆಯ ಅಥವಾ ಮುಂದಿನ ಸ್ಥಿತಿಯನ್ನು. ಹಠಾತ್ತನೆ ಬಂದು ಹೋಗುವ ಒಂದು ತೊಂದರೆಯ ವಿಚಾರದಲ್ಲಿ ಈ ಭೇದಕ್ಕಿಂತ ಬೆಲೆಯುಳ್ಳ ಸುಳಿವು ಬೇರೆ ಯಾವುದು? ಇನ್ನು ನಮೂನೆಗಳಲ್ಲಿ ಕಾಣುವ ‘ಉಸಿರಾಟದ ತೊಂದರೆ’ ಎಂಬ ನಾಮಪದಪುಂಜವು ಕಾಲವನ್ನಷ್ಟೇ ಅಲ್ಲದೆ ಒಳ–ಹೊರ ಎಂಬ ದಿಕ್ಕನ್ನೂ ಅಳಿಸಿಹಾಕುತ್ತದೆ.

4. ನಾಲ್ಕು ಅಂಶಗಳ ಅನುವಾದ

ಅಪಚಲನೆಯನ್ನು ಅಸ್ತಮಾದಿಂದ ಬೇರ್ಪಡಿಸಲೆಂದು 2014ರಲ್ಲಿ ಪ್ರಕಟವಾದ ಪಿಟ್ಸ್‌ಬರ್ಗ್ ಸೂಚ್ಯಂಕವು ನಾಲ್ಕು ಅಂಶಗಳನ್ನು ಕೇಳುತ್ತದೆ: ಗಂಟಲ ಬಿಗಿತ, ಧ್ವನಿಯ ಕೆಡುಕು, ಎದೆಯ ಸಿಳ್ಳುಸದ್ದಿನ ಅಭಾವ, ವಾಸನೆಯಿಂದ ಪ್ರಚೋದನೆ. ಪ್ರತಿ ಅಂಶಕ್ಕೂ ನಿಗದಿತ ಅಂಕವಿದ್ದು ಮೊತ್ತ 4 ಅಥವಾ ಹೆಚ್ಚಾದರೆ ಅಪಚಲನೆಯನ್ನು ಶಂಕಿಸಬೇಕು. ಮೂಲ ಅಧ್ಯಯನದಲ್ಲಿ ಇದರ ಸಂವೇದಿತ್ವ ಶೇ. 83, ನಿರ್ದಿಷ್ಟತೆ ಶೇ. 95. ಚಿಕ್ಕದಾದುದರಿಂದ ಬೋಧನೆಗೆ ಇದು ಬಹಳ ಅನುಕೂಲಕರ. ಈ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನಾಲ್ಕು ಅಂಶಗಳೂ ಪದಗಳೇ ಆಗಿರುವುದರಿಂದ ಪ್ರತಿಯೊಂದನ್ನೂ ಕನ್ನಡದಲ್ಲಿ ತೂಗಿ ನೋಡಬೇಕು.

ಮೊದಲನೆಯದು ಗಂಟಲ ಬಿಗಿತ. ‘ಗಂಟಲು ಬಿಗಿದು ಬಂತು’ ಎಂಬುದು ಕನ್ನಡದಲ್ಲಿ ದುಃಖದ ರೂಢಿಮಾತು. ರೋಗಿಯು ದೇಹದ ಸಂಗತಿಯಾಗಿ ಹೇಳಿದುದನ್ನು ಕೇಳುಗರು ಭಾವದ ಸಂಗತಿಯಾಗಿ ಕೇಳುವ ಸಾಧ್ಯತೆ ನುಡಿಗಟ್ಟಿನಲ್ಲಿಯೇ ಇದೆ. ಹೇಳುವವರು ಹೆಣ್ಣುಮಕ್ಕಳಾದರೆ 1842ರ ಹೆಸರು ಮರಳಿ ಬರಲು ಬೇರೆ ದಾರಿ ಬೇಕಿಲ್ಲ. ಇದಕ್ಕೆ ಬದಲಾಗಿ ‘ಗಂಟಲು ಕಟ್ಟುತ್ತದೆಯೇ’ ಎಂದು ಕೇಳಿದರೆ ಇನ್ನೊಂದು ತೊಡಕು. ‘ಗಂಟಲ ಕಟ್ಟೈತಿ’ ಎಂದರೆ ಸಾಮಾನ್ಯವಾಗಿ ದನಿ ಕೂತಿದೆ ಎಂದರ್ಥ. ಅದು ಪಟ್ಟಿಯ ಎರಡನೆಯ ಅಂಶ. ಹೀಗೆ ಒಂದೇ ಉತ್ತರವು ಎರಡು ಅಂಶಗಳಡಿ ಎರಡು ಬಾರಿ ಎಣಿಕೆಯಾಗಬಹುದು.

ಮೂರನೆಯದು ಸದ್ದು. ಇಂಗ್ಲಿಷಿನ ವೈದ್ಯಕೀಯ ಪರಿಭಾಷೆಯು ಎದೆಯಿಂದ ಮುಖ್ಯವಾಗಿ ನಿಶ್ವಾಸದಲ್ಲಿ ಬರುವ ಸದ್ದಿಗೂ ಗಂಟಲಿನಿಂದ ಉಚ್ಛ್ವಾಸದಲ್ಲಿ ಬರುವ ಸದ್ದಿಗೂ ಬೇರೆ ಬೇರೆ ಹೆಸರಿಟ್ಟಿದೆ. ಕನ್ನಡದಲ್ಲಿ ಅಂತಹ ಜೋಡಿ ನಾಮಪದಗಳು ರೂಢಿಯಲ್ಲಿಲ್ಲ, ಅನುಕರಣಾವ್ಯಯಗಳಿವೆ. ‘ಎದ್ಯಾಗ ಗೊರಗೊರ ಅಂತೈತಿ’, ‘ಗಂಟಲದಾಗ ಕೀಂಯ್ ಅಂತೈತಿ’ ಎಂಬ ವಾಕ್ಯಗಳಲ್ಲಿ ಸದ್ದಿನ ಬಗೆಯನ್ನು ಅವ್ಯಯವೂ ಸ್ಥಾನವನ್ನು ಸಪ್ತಮಿ ವಿಭಕ್ತಿಯೂ ಹೇಳುತ್ತವೆ. ದಿಕ್ಕು ಮಾತ್ರ ಬಾಕಿ ಉಳಿಯುತ್ತದೆ. ‘ಉಸರ ತಗೋವಾಗೋ, ಬಿಡುವಾಗೋ?’ ಎಂಬ ಒಂದು ಪ್ರಶ್ನೆ ಅದನ್ನೂ ತುಂಬಿಕೊಡುತ್ತದೆ. ‘ಸಿಳ್ಳಿನ ಸದ್ದು ಇದೆಯೇ, ಇಲ್ಲವೇ’ ಎಂಬ ಅನುವಾದಿತ ಪ್ರಶ್ನೆಯು ಈ ಮೂರನ್ನೂ ಒಂದು ‘ಹೌದು’ ಆಗಿ ಕುಗ್ಗಿಸುತ್ತದೆ. ಸೂಚ್ಯಂಕದಲ್ಲಿ ಆ ‘ಹೌದು’ ಅಪಚಲನೆಯ ವಿರುದ್ಧ ಬೀಳುವ ಮತ.

ನಾಲ್ಕನೆಯದು ವಾಸನೆ. ಇಲ್ಲಿ ಕನ್ನಡವೇ ಇಂಗ್ಲಿಷಿಗಿಂತ ನಿಖರ. ಒಗ್ಗರಣೆಯ ಮೆಣಸಿನಕಾಯಿ, ನಿಪ್ಪಾಣಿಯ ತಂಬಾಕಿನ ಪುಡಿ, ಗದ್ದೆಯಲ್ಲಿ ಸುಡುವ ಕಬ್ಬಿನ ರವದಿಯ ಹೊಗೆ, ಇವು ಗಂಟಲಿಗೆ ಹೊಡೆಯುವುದನ್ನು ಜನ ‘ವಾಸನೆ’ ಎನ್ನುವುದಿಲ್ಲ, ‘ಘಾಟು’ ಎನ್ನುತ್ತಾರೆ. ಮೂಗಿಗೆ ತಿಳಿಯುವುದು ವಾಸನೆ, ಗಂಟಲಿಗೆ ತಾಗುವುದು ಘಾಟು. ಧ್ವನಿಪೆಟ್ಟಿಗೆಯನ್ನು ಕೆರಳಿಸುವ ವಸ್ತುವನ್ನು ಕುರಿತು ಕೇಳಬೇಕಾದಾಗ ಇಂತಹ ಪದ ಕೈಯಲ್ಲಿದ್ದೂ ‘ದುರ್ವಾಸನೆಯಿಂದ ತೊಂದರೆಯಾಗುತ್ತದೆಯೇ’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಬಂದಲ್ಲಿ ಆಶ್ಚರ್ಯವಿಲ್ಲ.

5. ಚಿಕಿತ್ಸೆಯ ವಿಧ್ಯರ್ಥಗಳು

ಈ ತೊಂದರೆಯ ಚಿಕಿತ್ಸೆಯಲ್ಲಿ ವಾಕ್‌ಚಿಕಿತ್ಸೆಗೆ ಮುಖ್ಯ ಸ್ಥಾನವಿದೆ: ಉಸಿರಾಟದ ಮರುಕಲಿಕೆ, ಗಂಟಲಿನ ಸ್ನಾಯುಗಳ ಸಡಿಲಿಕೆ, ದಾಳಿಯ ವೇಳೆ ಮೂಗಿನಿಂದ ಚುಟುಕಾಗಿ ಉಸಿರೆಳೆದು ತುಟಿ ಕಿರಿದುಮಾಡಿ ನಿಧಾನವಾಗಿ ಬಿಡುವ ಕ್ರಮ. ಮೂಸಿದಾಗ ಧ್ವನಿತಂತುಗಳು ತಾವಾಗಿ ಅಗಲುತ್ತವೆ ಎಂಬುದು ಇದರ ಆಧಾರ.

ಸೂಚನೆಯೇ ಮದ್ದಾಗಿರುವಾಗ ವಿಧ್ಯರ್ಥದ ಕ್ರಿಯಾಪದವೇ ಮದ್ದಿನ ಪ್ರಮಾಣ. ‘ಉಸರ ಜಗ್ಗ್ರಿ’ ಎಂಬ ಸಹಜವಾಗಿ ಬಾಯಿಗೆ ಬರುವ ಮಾತಿನಲ್ಲಿ ಬಲಪ್ರಯೋಗದ ಅರ್ಥವಿದೆ. ಬಲವಂತದ ಉಚ್ಛ್ವಾಸ ಬಿಗಿತವನ್ನು ಹೆಚ್ಚಿಸಬಲ್ಲದು. ‘ದಮ್ಮ ಹಿಡೀರಿ’ ಎಂದರೆ ತಾಳ್ಮೆ ತಂದುಕೊಳ್ಳಿ ಎಂದೂ ಉಸಿರು ಕಟ್ಟಿಹಿಡಿಯಿರಿ ಎಂದೂ ಆಗುತ್ತದೆ. ‘ಹೊಟ್ಟೆಯಿಂದ ಉಸಿರಾಡಿ’ ಎಂಬ ಪಠ್ಯದ ಅನುವಾದ ಕೇಳುಗರಿಗೆ ಒಗಟು. ಇವೆಲ್ಲಕ್ಕಿಂತ ‘ಹೂವ ಮೂಸಿದಂಗ ಸಣ್ಣಗ ಮೂಸ್ರಿ’ ಎಂಬುದು ಬೇಕಾದ ಚಲನೆಯನ್ನೇ ಉಂಟುಮಾಡುವ ಮಾತು. ಇದನ್ನು ಅನುಭವಿ ಚಿಕಿತ್ಸಕರು ತಾವಾಗಿ ಕಂಡುಕೊಂಡಾರು. ವೃತ್ತಿಶಿಕ್ಷಣದ ಕೆಲಸವೆಂದರೆ ಅದನ್ನು ಆಕಸ್ಮಿಕಕ್ಕೆ ಬಿಡದಿರುವುದು.

6. ಒಂದು ಆಕ್ಷೇಪ

ನಿರ್ಣಯ ಕೊಡುವುದು ದರ್ಶಕ, ಪದಗಳಲ್ಲ ಎಂದು ವೈದ್ಯಮಿತ್ರರು ಆಕ್ಷೇಪಿಸಬಹುದು. ಆಕ್ಷೇಪ ಸಾಧುವಾದುದೇ. ಆದರೆ ದರ್ಶಕದ ಮುಂದೆ ಯಾರನ್ನು ಕೂರಿಸಬೇಕೆಂಬುದನ್ನು ನಿಶ್ಚಯಿಸುವುದು ಅದಕ್ಕೆ ಮುಂಚಿನ ಮಾತುಕತೆ. ಸೌಲಭ್ಯವು ಊರಿನಿಂದ ಹಲವು ಮೈಲಿ ದೂರವಿರುವಾಗ ಆ ನಿಶ್ಚಯದ ಭಾರ ಇನ್ನಷ್ಟು ಹೆಚ್ಚು. ಸ್ಥಳೀಯ ಭಾಷೆಯ ಕಲಿಕೆ 2019ರಿಂದ ವೈದ್ಯಶಿಕ್ಷಣದ ಆರಂಭಿಕ ಅವಧಿಯಲ್ಲಿ ಸ್ಥಾನ ಪಡೆದಿರುವುದು ಸ್ವಾಗತಾರ್ಹ. ಆದರೆ ಅಲ್ಲಿ ಕಲಿಸುವ ‘ಕನ್ನಡ’ ಯಾವುದು ಎಂಬ ಪ್ರಶ್ನೆಯನ್ನು ಭಾಷಾವಿಜ್ಞಾನಿಗಳಾದ ನಾವೇ ಕೇಳಬೇಕಾಗಿದೆ.

7. ಸಮಾರೋಪ

ಮೈಸೂರಿನಲ್ಲಿ 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾದಂದಿನಿಂದ ಕರ್ನಾಟಕದಲ್ಲಿ ವಾಕ್‌ಚಿಕಿತ್ಸೆಯ ಶಿಕ್ಷಣಕ್ಕೆ ಗಟ್ಟಿಯಾದ ನೆಲೆಯಿದೆ. ಕೊರತೆ ಇರುವುದು ನಮ್ಮ ಕಡೆಯಿಂದ ಅಲ್ಲಿಗೆ ಹೋಗಬೇಕಾದ ಸಾಮಗ್ರಿಯಲ್ಲಿ. ಉಪಭಾಷಾ ಅಧ್ಯಯನಗಳು ಬಂಧುವಾಚಕ, ಕೃಷಿಪದ, ಅಡುಗೆಯ ಪದಗಳನ್ನು ಶ್ರದ್ಧೆಯಿಂದ ಕೂಡಿಹಾಕಿವೆ. ದೇಹದ ನೋವನ್ನು ಹೇಳುವ ವಾಕ್ಯಗಳು ಅಷ್ಟು ಗಮನ ಪಡೆದಿಲ್ಲ. ಈ ಕೆಲಸಕ್ಕೆ ಬೇಕಾದುದು ಪದಪಟ್ಟಿಯಲ್ಲ. ಕ್ರಿಯಾಪದ, ನಿಷೇಧರೂಪ, ಅನುಕರಣಾವ್ಯಯ, ವಿಭಕ್ತಿಗಳೊಡನೆ ಸೀಮೆವಾರು ದಾಖಲಾದ ಲಕ್ಷಣವಾಕ್ಯಗಳ ಕೋಶ ಬೇಕು.

ನಮ್ಮ ಇನ್ನೊಂದು ಲೋಪವನ್ನೂ ಒಪ್ಪಿಕೊಳ್ಳಬೇಕು. ಧ್ವನಿಶಾಸ್ತ್ರದ ತರಗತಿಯಲ್ಲಿ ನಾವು ಘೋಷ–ಅಘೋಷಗಳನ್ನು ವಿವರಿಸಿ ‘ಧ್ವನಿತಂತು’ವಿನ ಪಾಠವನ್ನು ಮುಗಿಸುತ್ತೇವೆ. ಅದು ಮೊದಲು ಶ್ವಾಸದ ಬಾಗಿಲು, ಆಮೇಲೆ ದನಿಯ ಮೂಲ ಎಂಬುದನ್ನು ಹೇಳುವುದು ಅಪರೂಪ. ದನಿ ಚೆನ್ನಾಗಿರುವ ವ್ಯಕ್ತಿಯ ಧ್ವನಿತಂತುವಿನಲ್ಲಿ ದೋಷವಿರಲಾರದು ಎಂಬ ಊಹೆಗೆ ನಮ್ಮ ಪಾರಿಭಾಷಿಕ ಪದವೂ ಪಾಠವೂ ಎಡೆಮಾಡಿಕೊಟ್ಟಿವೆ. ತಿದ್ದುಪಡಿಯನ್ನು ನಮ್ಮ ತರಗತಿಯಿಂದಲೇ ಆರಂಭಿಸಬಹುದು.