ಕತ್ತಲಲ್ಲಿ ಇಳಿಯುವ ಘಾಟಿ

ಬೆಂಗಳೂರಿನಿಂದ ಮಂಗಳೂರಿನ ಮೇಲೆ ಕಣ್ಣೂರಿಗೆ ಹೋಗುವ ರಾತ್ರಿ ರೈಲಿನ ಮಾತು ಬಂದರೆ ಎಲ್ಲರೂ ಹಸಿರನ್ನೇ ಹೊಗಳುತ್ತಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ., 57 ಸುರಂಗ, ನೂರಕ್ಕೂ ಮಿಕ್ಕಿದ ಸೇತುವೆ: ಲೆಕ್ಕ ಬಾಯಿಪಾಠ. ಆದರೆ ಗಾಡಿ ಘಾಟಿ ಇಳಿಯುವುದು ನಡುರಾತ್ರಿ ಕಳೆದ ಮೇಲೆ. ಆಗ ಕಿಟಕಿಯಾಚೆ ಕತ್ತಲೆ, ಒಳಗೆ ಗೊರಕೆ.

ಹಸಿರಿನ ಹೊಗಳಿಕೆ ಈ ಗಾಡಿಗೆ ಎರವಲು ಕೀರ್ತಿ. 1979ರ ಮೀಟರ್ ಗೇಜ್ ಹಳಿಯನ್ನು ಬ್ರಾಡ್ ಗೇಜ್ ಮಾಡಲು 1996ರಲ್ಲಿ ಮುಚ್ಚಿದರು. ಈ ದಾರಿಗಿರುವ ಗ್ರೀನ್ ರೂಟ್ ಎಂಬ ಹೆಸರು ಹಳಿಗುಂಟ ನಡೆದ ಚಾರಣಿಗರದು. 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರಾತ್ರಿ ರೈಲು ಓಡತೊಡಗಿದಾಗ ಅದಕ್ಕೆ ಈ ಹೆಸರು ಪುಕ್ಕಟೆ ದಕ್ಕಿತು.

ಮೆಚ್ಚಬೇಕಾದದ್ದು ಇಳಿತವನ್ನು. 50 ಮೀಟರ್ ಸಾಗಿದರೆ 1 ಮೀಟರ್ ತಗ್ಗು. ರಸ್ತೆಗಾದರೆ ಅದು ಲೆಕ್ಕಕ್ಕೇ ಇಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತವೇ ಕಡಿಮೆ, ಮಳೆಗಾಲದಲ್ಲಿ ಇನ್ನೂ ಕಡಿಮೆ. ಬೋಗಿಗಳ ಭಾರವೆಲ್ಲ ಹಿಂದಿನಿಂದ ಎಂಜಿನ್ನನ್ನು ನೂಕುತ್ತಿರುತ್ತದೆ. ಅದಕ್ಕೇ ಗಂಟೆಗೆ 30 ಕಿ.ಮೀ.ಯ ಕಟ್ಟುಪಾಡು. ಲೋಕೋ ಪೈಲಟ್ ಎಂಜಿನ್ನಿನ ಮೋಟಾರುಗಳನ್ನೇ ತಡೆಯಾಗಿ ದುಡಿಸಿ, ಗಾಳಿ ಬ್ರೇಕನ್ನು ಹದವರಿತು ಹಾಕಬೇಕು, ಬಿಡಬೇಕು. ಒತ್ತಿಯೇ ಹಿಡಿದರೆ ಚಕ್ರ ಕಾಯುತ್ತದೆ, ಪೂರ್ತಿ ಬಿಟ್ಟರೆ ಗಾಡಿ ಓಟ ಕೀಳುತ್ತದೆ. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ನಿಲ್ದಾಣಗಳು ಹೀಗೇ ಕಳೆಯುತ್ತವೆ. ಸುರಂಗ ಹೊಕ್ಕಾಗ ಚಕ್ರದ ಸದ್ದು ಬೋಗಿಯೊಳಗೇ ತುಂಬಿಕೊಳ್ಳುತ್ತದೆ, ಹೊರಬಿದ್ದಾಗ ತೆಳುವಾಗುತ್ತದೆ. ಮಲಗಿದವರಿಗೆ ತಿಳಿದರೆ ತಿಳಿಯುವುದು ಇಷ್ಟೇ. ಯಾರಿಗೂ ಎಚ್ಚರವಾಗಲಿಲ್ಲವೆಂದರೆ ಚಾಲಕರು ಗೆದ್ದರು.

ಈ ಕೌಶಲ ಪ್ರವಾಸಿ ಲೇಖಕರ ಕಣ್ಣಿಗೆ ಬಿದ್ದಿಲ್ಲ. 2021ರ ಜುಲೈಯಲ್ಲಿ ಹಗಲು ರೈಲಿಗೆ ಗಾಜಿನ ವಿಸ್ಟಾಡೋಮ್ ಬೋಗಿ ಬಂದ ಮೇಲಂತೂ ರಾತ್ರಿ ಘಾಟಿ ಇಳಿಯುವುದೇ ದಂಡ ಎಂಬ ಧಾಟಿ ಅವರದು. ಅವರಿಗೆ ರೈಲೆಂದರೆ ಉರುಳುವ ವ್ಯೂ ಪಾಯಿಂಟ್. ವಾರಾಂತ್ಯಕ್ಕೆ ಪುತ್ತೂರಿನ ಮನೆಗೆ ಹೊರಟ ಬೆಂಗಳೂರಿನ ನೌಕರನಿಗೆ, ಮಂಗಳೂರಿನ ಆಸ್ಪತ್ರೆಯಲ್ಲಿ ಬೆಳಗ್ಗೆಯೇ ಸರತಿ ಹಿಡಿಯಬೇಕಾದ ಹಾಸನದ ಅಜ್ಜಿಗೆ ಒಂದಿಡೀ ಹಗಲನ್ನು ಕಿಟಕಿಗೆ ಕೊಡುವ ಪುರುಸೊತ್ತೆಲ್ಲಿ? ಬಸ್ಸೇ ಬೇಗ ಮುಟ್ಟುತ್ತದೆ ಎನ್ನುವ ಇನ್ನೊಂದು ಪಂಗಡವಿದೆ. ಮಾತು ನಿಜ. ಬಸ್ಸು ಹಾಯುವ ಶಿರಾಡಿ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡವರೂ ಅದನ್ನೇ ಹೇಳಿದರೆ ಒಪ್ಪೋಣ.

ಈ ರೈಲಿಗೂ ಕುಂದುಗಳಿವೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ವಾರಗಟ್ಟಲೆ ಸಂಚಾರ ನಿಂತಿತು. 2024ರ ಜುಲೈಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಮತ್ತೆ ಅದೇ ಪಾಡು. ಕುಕ್ಕೆ ಸುಬ್ರಹ್ಮಣ್ಯದ ಭಕ್ತರು ಬೆಳಕು ಹರಿಯುವ ಮುನ್ನ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿಳಿದು, ದೇವಸ್ಥಾನದವರೆಗಿನ ಸುಮಾರು 12 ಕಿ.ಮೀ.ಗೆ ಜೀಪೋ ಬಸ್ಸೋ ಹುಡುಕಬೇಕು. ಟೀಕಿಸುವವರು ಇವನ್ನು ಹಿಡಿದು ಕೇಳಲಿ. ಹಸಿರು ಬೇಕಾದವರು ಹಗಲು ರೈಲಿಗೆ ಟಿಕೆಟ್ ತೆಗೆಯಲಿ. ರಾತ್ರಿಯ ಸ್ಲೀಪರ್ ಬರ್ತು ಊರಿಗೆ ಹೋಗುವವರಿಗೆ ಸಿಗಲಿ.